ಶನಿವಾರದ ತನಕ

2022ರ ಜುಲೈ ತಿಂಗಳು. ನಮ್ಮ ಶಾಲೆಯ ವಿಜ್ಞಾನದ ಮೇಡಂ ರಜೆಯ ಮೇಲಿದ್ದರು. ಅವರ ಎಂಟನೇ ತರಗತಿಗೆ ಅಂದು ನಾನು ಹೋಗಬೇಕಾಯಿತು. ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುತ್ತ ಬಂದದ್ದು ಸಮಾಜ ವಿಜ್ಞಾನ ಮತ್ತು ಕನ್ನಡ. ಆದರೂ ಸಮತೋಲನ ಆಹಾರದ ಬಗ್ಗೆ ನಾಲ್ಕು ಮಾತು ಹೇಳಲು ವಿಜ್ಞಾನದ ಪದವಿಯೇ ಬೇಕೇ? ಇಷ್ಟು ವರ್ಷ ಒಲೆಯ ಮುಂದೆ ನಿಂತವಳಿಗೆ ಅಷ್ಟೂ ತಿಳಿಯದೇ ಎಂದುಕೊಂಡು ಗೋಡೆಗೆ ತೂಗುಹಾಕಿದ್ದ ಚಿತ್ರಪಟವನ್ನು ತೋರಿಸುತ್ತ ಪಾಠ ಶುರುಮಾಡಿದೆ. ಪಟದಲ್ಲಿ ಕ್ಯಾರೆಟ್ಟು, ಪಾಲಕ, ಕುಂಬಳಕಾಯಿ, ಸೇಬು ಎಲ್ಲವೂ ಬಣ್ಣಬಣ್ಣವಾಗಿ ನಗುತ್ತಿದ್ದವು.

ಮಕ್ಕಳನ್ನು ಮಾತಿಗೆಳೆಯೋಣವೆಂದು, "ನಿನ್ನೆ ರಾತ್ರಿ ಯಾರ್ಯಾರು ಏನೇನು ಊಟ ಮಾಡಿದಿರಿ?" ಎಂದು ಕೇಳಿದೆ. ಅನ್ನ ಉಪ್ಪಿನಕಾಯಿ, ಅನ್ನ ಚಟ್ನಿಪುಡಿ, ಮಂಡಕ್ಕಿ ಒಗ್ಗರಣೆ, ಒಬ್ಬನದು ಬರೀ ಐದು ರೂಪಾಯಿಯ ಪಾಕೀಟು. ಹತ್ತು ಹನ್ನೆರಡು ಮಕ್ಕಳ ಬಾಯಲ್ಲಿ ಒಂದು ತರಕಾರಿಯ ಹೆಸರೂ ಬರಲಿಲ್ಲ. ನನಗೆ ಸಿಟ್ಟೇ ಬಂತು. "ದಿನಾಲೂ ಸೊಪ್ಪು, ತರಕಾರಿ ತಿನ್ನಬೇಕು ಅಂತ ನಿಮ್ಮ ತಾಯಂದಿರಿಗೆ ಗೊತ್ತಿಲ್ಲವೇ?" ಎಂದುಬಿಟ್ಟೆ.

ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. "ಗೊತ್ತೈತ್ರೀ ಟೀಚರ್. ನಮ್ಮಮ್ಮ ಕೆಲಸದಿಂದ ಬರೋದು ಎಂಟು ಗಂಟಿಗ್ರೀ. ಅಷ್ಟೊತ್ತಿಗೆ ಅಂಗಡ್ಯಾಗ ಉಳ್ಳಾಗಡ್ಡಿ ಬಿಟ್ರ ಏನೂ ಇರಂಗಿಲ್ರೀ."

ಅವಳ ದನಿಯಲ್ಲಿ ಉದ್ಧಟತನವೇನೂ ಇರಲಿಲ್ಲ. ಲೆಕ್ಕದ ಉತ್ತರ ಹೇಳುವಂತೆ ಹೇಳಿ ಕುಳಿತಳು. ಆ ಹುಡುಗಿ ಬೇರೆ ಯಾವುದೋ ಊರಿನವಳಲ್ಲ. ನಮ್ಮ ಬಡಾವಣೆಯವಳೇ, ನಮ್ಮ ಮನೆಯಿಂದ ಎರಡು ಓಣಿ ಹಿಂದೆ ಇರುವವಳು. ನಾನು ದಿನಾ ಹುಳಿ, ಪಲ್ಯ ಮಾಡುವ ಅಡುಗೆಮನೆಗೂ ಅವಳ ಮನೆಗೂ ಇನ್ನೂರು ಹೆಜ್ಜೆ ದೂರವಿಲ್ಲ. ಅಷ್ಟು ಹತ್ತಿರದ ಸಂಗತಿ ನನಗೆ ತಿಳಿದಿರಲಿಲ್ಲ.

ನಮ್ಮದು ಬಳ್ಳಾರಿಯ ಕೌಲ್‌ಬಜಾರಿನಿಂದಾಚೆ ಬೆಳೆದ ಬಡಾವಣೆ. ಮುಂದಿನ ಎರಡು ಸಾಲಿನಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ರೈಲ್ವೆಯವರು. ಹಿಂದಿನ ಓಣಿಗಳಲ್ಲಿ ಒಂದು ಕೋಣೆಯ, ತಗಡು ಹೊದಿಸಿದ ಮನೆಗಳು. ಅಲ್ಲಿಯ ಹೆಂಗಸರಲ್ಲಿ ಹೆಚ್ಚಿನವರು ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಹೋಗುತ್ತಾರೆ. ಬಳ್ಳಾರಿ ಜೀನ್ಸ್ ಎಂದರೆ ಇವತ್ತು ದೊಡ್ಡ ಹೆಸರು. ಆ ಹೆಸರಿನ ಹಿಂದೆ ಗುಂಡಿ ಹಚ್ಚುವ, ನೂಲು ಕತ್ತರಿಸುವ, ಇಸ್ತ್ರಿ ಹಾಕುವ ಈ ಕೈಗಳಿವೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಪಗಾರ ಬರುವುದು ಶನಿವಾರ.

ಬಡಾವಣೆಯಲ್ಲಿ ಮೂರು ಕಿರಾಣಿ ಅಂಗಡಿಗಳಿವೆ. ಅಕ್ಕಿ, ಎಣ್ಣೆ, ಸೋಪು, ಶಾಂಪೂ ಪಾಕೀಟು, ಬಿಸ್ಕತ್ತು, ಬಾಗಿಲಿಗೆ ತೋರಣದಂತೆ ತೂಗುಬಿಟ್ಟ ಕುರುಕಲು ತಿಂಡಿಯ ಚೀಟಿಗಳು. ತರಕಾರಿ ಎಂದರೆ ಉಳ್ಳಾಗಡ್ಡಿ, ಆಲೂಗಡ್ಡೆ, ಕೆಲವು ದಿನ ಮೆತ್ತಗಾದ ಟೊಮೆಟೊ. ಅಂಗಡಿಯವನನ್ನು ಬೈಯುವಂತಿಲ್ಲ. ಕುರುಕಲು ಪಾಕೀಟು ತಿಂಗಳುಗಟ್ಟಲೆ ಅವನಿಗಾಗಿ ಕಾಯುತ್ತದೆ. ಮೆಂತ್ಯದ ಕಟ್ಟು ಸಂಜೆಯ ತನಕವೂ ಕಾಯುವುದಿಲ್ಲ. ಊರಿನ ದೊಡ್ಡ ಮಾರ್ಕೆಟ್ಟಿಗೆ ಹೋಗಿಬರಲು ಆಟೋಗೆ ₹80 ಬೇಕು. ಒಂದು ಕಟ್ಟು ಸೊಪ್ಪಿಗಾಗಿ ಯಾರು ಹೋಗುತ್ತಾರೆ, ಹೇಳಿ? ಮರುವರ್ಷ, 2023ರ ಜೂನ್‌ನಲ್ಲಿ, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಒಳ್ಳೆಯದೇ ಆಯಿತು. ಆದರೆ ರಾತ್ರಿ ಎಂಟು ಗಂಟೆಗೆ ದಣಿದು ಬಂದವಳಿಗೆ ಬೇಕಾದದ್ದು ಬಸ್ಸಿನ ಟಿಕೆಟ್ಟಲ್ಲ, ಹೊತ್ತು.

ಆ ರಾತ್ರಿ ನನಗೆ ನನ್ನ ಮೊದಲ ನೌಕರಿಯ ಊರು ನೆನಪಾಯಿತು. 1994ರಲ್ಲಿ ನಾನು ಕೆಲಸಕ್ಕೆ ಸೇರಿದ್ದು ಸಿರುಗುಪ್ಪದಲ್ಲಿ. ತುಂಗಭದ್ರೆಯ ನೀರುಂಡ ಸೀಮೆ. ಕಣ್ಣು ಹಾಯುವ ತನಕ ಭತ್ತದ ಗದ್ದೆ, ಊರ ತುಂಬ ಅಕ್ಕಿ ಗಿರಣಿ. ಅಲ್ಲಿ ನಾಟಿ ಮಾಡುವ ಕೂಲಿ ಹೆಂಗಸರಿಗೆ ಸ್ವಂತದ ಒಂದು ಗುಂಟೆಯೂ ಇರಲಿಲ್ಲ. ಆದರೆ ಸಂಜೆ ಮನೆಗೆ ಹೋಗುವಾಗ ಬದುವಿನ ಮೇಲೆ ಬಾಗಿ ಹೊನಗೊನ್ನೆ ಸೊಪ್ಪನ್ನೋ ಇನ್ನೊಂದನ್ನೋ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಅಂಗಡಿ ಇಲ್ಲದಿದ್ದರೂ ಅವರಿಗೆ ಸೊಪ್ಪಿತ್ತು. ಅಂಥ ಊರುಗಳಿಂದಲೇ ಬಳ್ಳಾರಿಗೆ ಕೆಲಸ ಹುಡುಕಿ ಬಂದವರು ನಮ್ಮ ಹಿಂದಿನ ಓಣಿಯಲ್ಲಿದ್ದಾರೆ. ಪೇಟೆ ಅವರಿಗೆ ಕೈಯಲ್ಲಿ ರೊಕ್ಕ ಕೊಟ್ಟಿತು, ಬದುವನ್ನು ಕಿತ್ತುಕೊಂಡಿತು.

ಸಿರುಗುಪ್ಪದ ನಂತರ ಕೆಲವು ವರ್ಷ ಕುರುಗೋಡಿನಲ್ಲಿದ್ದೆ. ದೊಡ್ಡಬಸವೇಶ್ವರನ ಆ ಬೃಹತ್ತಾದ ಮೂರ್ತಿಯ ಊರು. ಬಳ್ಳಾರಿಗೆ ಸುಮಾರು 30 ಕಿಲೋಮೀಟರು. ಮೆಣಸಿನಕಾಯಿಯ ಜೊತೆಗೆ ತರಕಾರಿ ಬೆಳೆಯುವ ಮನೆಗಳೂ ಅಲ್ಲಿದ್ದವು. ಬೆಲೆ ಬಿದ್ದ ವರ್ಷ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ದನಕ್ಕೆ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ತಿನ್ನುವವರಿಲ್ಲದೆ ಕೊಳೆಯುತ್ತದೆ. ಇಲ್ಲಿ, ಒಂದು ಗಂಟೆಯ ದಾರಿಯಲ್ಲಿ, ಮಗು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತದೆ. ಇದಕ್ಕೆ ಯಾರನ್ನು ಹೊಣೆ ಮಾಡುವುದು? ಯಾರೂ ಕೆಟ್ಟವರಲ್ಲ. ಆದರೂ ಕೆಟ್ಟದ್ದು ನಡೆದೇ ನಡೆಯುತ್ತದೆ. ನನ್ನನ್ನು ಕಾಡಿದ್ದು ಈ ಪ್ರಶ್ನೆ.

ನಮ್ಮ ಸೀಮೆಗೆ ಇದು ಹೊಸದೇನೂ ಅಲ್ಲ. 1876ರಿಂದ 78ರವರೆಗಿನ ಬರದಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ತೀರಾ ನಲುಗಿದ ಜಿಲ್ಲೆಗಳಲ್ಲೊಂದು. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಅದೇ ಹೊತ್ತಿನಲ್ಲಿ ಹಡಗುಗಳಲ್ಲಿ ಧಾನ್ಯ ಹೊರದೇಶಕ್ಕೆ ಹೋಗುತ್ತಿತ್ತು. ಬರದ ಕಾಮಗಾರಿಯಲ್ಲಿ ದುಡಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಅದನ್ನು ವಿರೋಧಿಸಿ, ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಅದರ ಜೊತೆಗೆ ತರಕಾರಿಯೂ ಬೇಕೆಂದು ವಾದಿಸಿದ. ಹೊಟ್ಟೆ ತುಂಬಿದರೆ ಸಾಕೇ, ಮೈ ತುಂಬಬೇಕೇ ಎಂಬ ಜಗಳ ಅಷ್ಟು ಹಳೆಯದು. ಆಹಾರ ಊರಲ್ಲಿ ಇರುವುದು ಬೇರೆ, ಅದು ಒಬ್ಬರ ಕೈಗೆ ಎಟಕುವುದು ಬೇರೆ ಎಂಬುದನ್ನು ಅಮರ್ತ್ಯ ಸೇನರು 1981ರಲ್ಲಿ ಬರಗಳ ಬಗ್ಗೆ ಬರೆದ ಪುಸ್ತಕದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಇವತ್ತು ಬರವಿಲ್ಲ. 2013ರಿಂದ ಅನ್ನಭಾಗ್ಯದ ಅಕ್ಕಿ ಇದೆ. 2002ರಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಮೊದಲಾದ ಶಾಲೆಯ ಬಿಸಿಯೂಟವಿದೆ. ಆ ಸಾಂಬಾರಿನಲ್ಲಿ ತೇಲುವ ತರಕಾರಿಯೇ ಎಷ್ಟೋ ಮಕ್ಕಳಿಗೆ ಆ ದಿನದ ತರಕಾರಿ. ಧಾನ್ಯದ ಜಗಳ ಒಂದು ಮಟ್ಟಿಗೆ ಮುಗಿದಿದೆ. ಕಾರ್ನಿಷ್ ಕೇಳಿದ ತರಕಾರಿಯ ಜಗಳ ಮುಗಿದಿಲ್ಲ.

ಹೊರದೇಶಗಳಲ್ಲಿ ಇಂಥ ಬಡಾವಣೆಗಳನ್ನು 'ಆಹಾರದ ಮರುಭೂಮಿ' ಎನ್ನುತ್ತಾರಂತೆ. ಅಂಗಡಿಯಿದ್ದೂ ತಾಜಾ ಪದಾರ್ಥ ಸಿಗದ ಜಾಗ. ಆ ಮರುಭೂಮಿಗೆ ಒಂದು ಅಂಗಡಿ ತಂದರೆ ಆಯಿತಲ್ಲ ಎಂದುಕೊಂಡವಳು ನಾನು. ನಮ್ಮಲ್ಲಿ ಅದಕ್ಕೆ ಮೇಲ್ಪಂಕ್ತಿಯೂ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ತೋಟಗಾರಿಕೆಯ ಡಾ. ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಹುಟ್ಟಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಗಿ, ರೈತರ ತರಕಾರಿಯನ್ನು ಓಣಿ ಓಣಿಯ ಮಳಿಗೆಗಳಿಗೆ ತಲುಪಿಸಿತು. ನಮ್ಮ ಪಕ್ಕದ ಆಂಧ್ರದಲ್ಲಿ 1999ರಲ್ಲಿ ರೈತ ಬಜಾರುಗಳು ಬಂದವು. ರೈತನಿಗೂ ತಿನ್ನುವವನಿಗೂ ನಡುವೆ ಇರುವವರನ್ನು ಕಡಿಮೆ ಮಾಡಿದರೆ ಇಬ್ಬರಿಗೂ ಲಾಭ ಎಂಬುದು ಅವುಗಳ ತತ್ವ. ನಾನೂ ಅದನ್ನೇ ಹಿಡಿದುಕೊಂಡೆ.

ಕುರುಗೋಡಿನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ತರಕಾರಿ ಬೆಳೆಯುತ್ತಿದ್ದರು. ನಮ್ಮ ಮಹಿಳಾ ಸಂಘದ ಹನ್ನೆರಡು ಜನ ಹೋಗಿ ಮಾತಾಡಿದೆವು. ಆ ವರ್ಷದ ದಸರೆಯಿಂದ ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಒಂದು ಗೂಡ್ಸ್ ಆಟೋ ನಮ್ಮ ಬಡಾವಣೆಗೆ ಬರತೊಡಗಿತು. ಇಬ್ಬನಿ ಆರದ ಪಾಲಕ, ಮೆಂತ್ಯ, ಪುಂಡಿಪಲ್ಯ, ಎಳೆ ಹೀರೆಕಾಯಿ, ಚವಳಿಕಾಯಿ, ಮುಳ್ಳು ಚುಚ್ಚುವಷ್ಟು ತಾಜಾ ಬದನೆಕಾಯಿ. ಎಲೆಕ್ಟ್ರಾನಿಕ್ ತಕ್ಕಡಿ, ಹಲಗೆಯ ಮೇಲೆ ಬರೆದ ದರ, ರೊಕ್ಕ ಕೈಗೆ ಕೈ. ಮಾರ್ಕೆಟ್ಟಿಗಿಂತ ಕಿಲೋಗೆ ಐದಾರು ರೂಪಾಯಿ ಕಡಿಮೆ. ಮೊದಲ ದಿನ ಒಂದೇ ತಾಸಿನಲ್ಲಿ ಗಾಡಿ ಖಾಲಿಯಾಯಿತು. ನನಗೆ ಒಳಗೊಳಗೇ ಹೆಮ್ಮೆ. ಎಲ್ಲರೂ "ಟೀಚರಮ್ಮನ ಗಾಡಿ" ಎನ್ನುವುದನ್ನು ಕೇಳಲು ಹಿತವಾಗುತ್ತಿತ್ತು.

ಇಲ್ಲಿ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಮೊದಲಿನಿಂದಲೂ ನಮ್ಮ ಬಡಾವಣೆಗೆ ಕಾಯಿಪಲ್ಯದ ಅಜ್ಜಿಯೊಬ್ಬಳು ಬರುತ್ತಿದ್ದಳು. ವಾರಕ್ಕೆ ನಾಲ್ಕೈದು ದಿನ ಸಂಜೆ ಏಳರ ಮೇಲೆ, ಮಾರ್ಕೆಟ್ಟಿನಲ್ಲಿ ಉಳಿದದ್ದನ್ನು ಅಗ್ಗಕ್ಕೆ ಹಿಡಿದು, ತಲೆಯ ಮೇಲೆ ಪುಟ್ಟಿ ಹೊತ್ತು ಹಿಂದಿನ ಓಣಿಗಳಲ್ಲಿ ಕೂಗುತ್ತ ಹೋಗುವಳು. ಎಂಟು ಗಂಟೆಗೆ ಅಂಗಡಿಯಲ್ಲಿ ಏನೂ ಇಲ್ಲವೆಂದು ಆ ಹುಡುಗಿ ಹೇಳಿದ್ದು ನಿಜ. ಆದರೆ ಅಜ್ಜಿ ಬಂದ ದಿನ ಒಂದಿಷ್ಟು ಸೊಪ್ಪೋ ಬದನೆಯೋ ಅವರ ಮನೆಗೂ ಸಿಗುತ್ತಿತ್ತೆಂದು ನನಗೆ ಆಗ ತಿಳಿದಿರಲಿಲ್ಲ. ನಾನು ಕಂಡದ್ದು ಬಾಡಿದ ಸೊಪ್ಪು ಮತ್ತು ತಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಳೆಯ ತಕ್ಕಡಿ. "ಬಾಡಿದ್ದನ್ನು ಯಾಕೆ ತಗೊಳ್ತೀರಿ? ಎರಡು ದಿನ ತಡೆದರೆ ತಾಜಾ ಸಿಗುತ್ತದೆ" ಎಂದು ಮುಂದಿನ ಸಾಲಿನವರಿಗೂ ಹಿಂದಿನ ಓಣಿಯವರಿಗೂ ನಾನೇ ಹೇಳಿಕೊಂಡು ಬಂದೆ. ಸಂಕ್ರಾಂತಿಯ ಹೊತ್ತಿಗೆ ಅಜ್ಜಿ ಬರುವುದನ್ನು ಬಿಟ್ಟಳು. ನಾನು ಗಮನಿಸಲೂ ಇಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಶಾಲೆಯ ಕಟ್ಟೆಯ ಮೇಲೆ ಅದೇ ಹುಡುಗಿ ಸಿಕ್ಕಳು. ಉತ್ಸಾಹದಿಂದ, "ಈಗ ಮನೆಯಲ್ಲಿ ದಿನಾ ಪಲ್ಯ ಮಾಡ್ತಾರಾ?" ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. "ಅಜ್ಜಿ ಬರೋದು ಬಿಟ್ಟಮ್ಯಾಲೆ ಅದೂ ಇಲ್ರೀ ಟೀಚರ್."

ನಾನು ಅಲ್ಲಿಯೇ ಕುಳಿತೆ. ಆ ಸಂಜೆ ಹಿಂದಿನ ಓಣಿಗೆ ಹೋಗಿ, ಇದೇ ಮೊದಲ ಬಾರಿಗೆ, ಏನೂ ಹೇಳದೆ ಬರೀ ಕೇಳಿದೆ. ಬೆಳಿಗ್ಗೆ ಏಳು ಗಂಟೆ ಎಂದರೆ ಅವರಿಗೆ ನೀರು ಹಿಡಿಯುವ, ಡಬ್ಬಿ ಕಟ್ಟುವ ಹೊತ್ತು. ಬುಧವಾರ ಎಂದರೆ ಕೈಯಲ್ಲಿ ಕಾಸಿಲ್ಲದ ದಿನ. ಭಾನುವಾರ ಒಂದು ದಿನ ತಂದರೆ ಸೊಪ್ಪನ್ನು ಇಡಲು ಫ್ರಿಜ್ಜಿಲ್ಲ. ಬಳ್ಳಾರಿಯ ಬಿಸಿಲಿಗೆ ತಗಡಿನ ಮನೆಯಲ್ಲಿ ಸೋಮವಾರಕ್ಕೆಲ್ಲ ಅದು ಕಸ. ನನ್ನ ಗಾಡಿ ಬಂದದ್ದು ನನಗಾಗಿ, ನನ್ನಂಥವರಿಗಾಗಿ. ದಿನವೂ ಪಲ್ಯ ತಿನ್ನುತ್ತಿದ್ದವರು ಇನ್ನಷ್ಟು ತಾಜಾ ಪಲ್ಯವನ್ನು ಇನ್ನಷ್ಟು ಅಗ್ಗಕ್ಕೆ ತಿಂದೆವು. ಇಲ್ಲದವರ ಪಾಲಿಗೆ ಇದ್ದ ಬಾಡಿದ ಸೊಪ್ಪೂ ಹೋಯಿತು. ಒಳ್ಳೆಯದು ಮಾಡುತ್ತೇನೆಂಬ ಹುಮ್ಮಸ್ಸಿನಲ್ಲಿ ನಾನು ಒಂದು ಮಗುವಿನ ತಟ್ಟೆಯಿಂದ ತುತ್ತು ತೆಗೆದಿದ್ದೆ.

ಇಂಥ ಎಡವಟ್ಟು ನನ್ನೊಬ್ಬಳದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಬಡ ಬಡಾವಣೆಯೊಂದರಲ್ಲಿ ದೊಡ್ಡ ದಿನಸಿ ಅಂಗಡಿ ತೆರೆದು, ಜನರ ಊಟ ಬದಲಾಯಿತೇ ಎಂದು ಸಂಶೋಧಕರು ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹತ್ತಿರದಲ್ಲೇ ತಾಜಾ ಪದಾರ್ಥ ಸಿಗುತ್ತದೆಂಬ ಅರಿವು ಜನರಲ್ಲಿ ಹೆಚ್ಚಿತು. ಆದರೆ ಅವರು ತಿನ್ನುವ ಹಣ್ಣು ತರಕಾರಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಇದನ್ನು ಓದಿದವರು, "ನೋಡಿದಿರಾ, ಬಡವರಿಗೆ ಕೊಟ್ಟರೂ ತಿನ್ನಲು ಬರುವುದಿಲ್ಲ" ಎನ್ನಬಹುದು. ನಮ್ಮ ಮುಂದಿನ ಸಾಲಿನಲ್ಲೂ ಹಾಗೆಂದವರಿದ್ದರು. ಆದರೆ ನನಗೆ ಕಂಡದ್ದು ಬೇರೆ. ಅಂಗಡಿಯ ದೂರವನ್ನು ನಾವು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಹೊತ್ತಿನ ದೂರ, ರೊಕ್ಕದ ದೂರ, ಸಂಕೋಚದ ದೂರ ಎಂದೂ ಇವೆ. ಅವುಗಳನ್ನು ಅಳೆಯುವ ಕೋಲು ನಮ್ಮ ಬಳಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ 1 ಕಿಲೋ 600 ಗ್ರಾಂ ಆಯಿತು. ಕಿಲೋಗೆ ₹40 ಎಂದರೂ ದಿನಕ್ಕೆ ₹64, ವಾರಕ್ಕೆ ಸುಮಾರು ₹450. ಈ ಲೆಕ್ಕವನ್ನು ಹಾಕದೆ ಚಿತ್ರಪಟ ತೋರಿಸಿ ಗದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಇನ್ನೊಂದು ಬಡಾವಣೆಯ ತಿರುವಿನಲ್ಲಿ ಗೋಣಿತಟ್ಟಿನ ಮೇಲೆ ಬೆಳ್ಳುಳ್ಳಿ ಇಟ್ಟುಕೊಂಡು ಕುಳಿತಿದ್ದಳು. ಬೈದರೆ ಬೈಯಿಸಿಕೊಳ್ಳೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿದ್ದೆ. ಅವಳು ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟಳು.

"ಬರ್ರಿ ಟೀಚರಮ್ಮ. ನಿಮ್ಮ ಗಾಡಿ ಚಲೋ ಐತಂತಲ್ಲ. ಮಾಲು ತಾಜಾ ಐತಿ ಅಂತಾರ."

"ನಿನಗೆ ನನ್ನಿಂದ ನಷ್ಟ ಆಯಿತಲ್ಲಮ್ಮ" ಎಂದೆ.

"ಯಾಪಾರ ಅಂದಮ್ಯಾಲೆ ಬರ್ತೈತಿ, ಹೋಗ್ತೈತಿ. ಉದ್ರಿ ನಿಂತೈತಿ ನೋಡ್ರಿ, ಅದಷ್ಟ. ಮೂರು ಸಾವಿರದ ನಾಕುನೂರು."

ಅವಳಿಗೆ ಓದು ಬರಹ ಬಾರದು. ಹಿಂದಿನ ಓಣಿಯ ಮೂವತ್ತೆಂಟು ಮನೆಗಳ ಉದ್ರಿ ಅವಳ ತಲೆಯಲ್ಲೇ ಇತ್ತು. ಯಾರದು ಎಷ್ಟು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಗಂಡನಿಗೆ ಕೆಲಸ ಹೋಗಿದೆ ಎಲ್ಲವೂ. ಸೋಮವಾರದಿಂದ ಶುಕ್ರವಾರದ ತನಕ ಕೊಟ್ಟು, ಶನಿವಾರ ರಾತ್ರಿ ವಸೂಲಿ ಮಾಡುವುದು ಅವಳ ಕ್ರಮ. ಮುಂದಿನ ಸಾಲಿನಲ್ಲಿ ನಗದು ಯಾಪಾರ ನಿಂತದ್ದರಿಂದ ಬಂಡವಾಳ ಮುಗಿಯಿತು. ಬರುವುದು ನಿಂತಿದ್ದರಿಂದ ಉದ್ರಿಯೂ ನಿಂತಿತು. ನಾನು ಪರ್ಸು ತೆಗೆದು, ಅಷ್ಟೂ ನಾನೇ ಕೊಡುತ್ತೇನೆ ಎಂದೆ. ಅವಳಿಗೆ ಅದು ಹಿಡಿಸಲಿಲ್ಲ.

"ನೀವ್ಯಾಕ ಕೊಡ್ತೀರಮ್ಮ? ತಿಂದೋರು ಅವರು. ನನ್ನ ಬರಾಕ ಬಿಡ್ರಿ, ಅವರ ಕೊಡ್ತಾರ."

ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ಪರ್ಸಿನಿಂದ ತೀರುವ ಸಾಲವಾಗಿರಲಿಲ್ಲ ಅದು. ಕೊಡುವ ಮರ್ಯಾದೆ ತಿಂದವರಿಗೂ ಬೇಕು, ಪಡೆಯುವ ಮರ್ಯಾದೆ ಮಾರಿದವಳಿಗೂ ಬೇಕು. ನಾನು ರೊಕ್ಕ ಕೊಟ್ಟರೆ ಅದು ದಾನವಾಗಿ ಇಬ್ಬರ ನಡುವಿನ ನಂಬಿಕೆ ಮುರಿಯುತ್ತಿತ್ತು.

ಆ ರಾತ್ರಿ ಕುಳಿತು ಯೋಚಿಸಿದಾಗ ಒಂದು ಸಾದಾ ಲೆಕ್ಕ ಹೊಳೆಯಿತು. ಸೊಪ್ಪಿನ ಆಯುಷ್ಯ ಎರಡು ದಿನ. ಕೂಲಿ ಕೈಸೇರುವುದು ಏಳು ದಿನಕ್ಕೊಮ್ಮೆ. ನಡುವೆ ಉಳಿದ ಐದು ದಿನವನ್ನು ಯಾರಾದರೂ ಹೊರಲೇಬೇಕು. ರೈತ ಹೊರಲಾರ, ಅವನಿಗೆ ಗೊಬ್ಬರದಂಗಡಿಯ ಬಾಕಿ ಇದೆ. ಕಿರಾಣಿಯವನು ಹೊರಲಾರ, ಅದಕ್ಕೇ ಅವನು ಪಾಕೀಟು ತೂಗುಬಿಟ್ಟಿದ್ದಾನೆ. ಇಷ್ಟು ವರ್ಷ ಆ ಐದು ದಿನವನ್ನು ಪುಟ್ಟಿಯ ಜೊತೆಗೆ ತಲೆಯ ಮೇಲೆ ಹೊತ್ತವಳು ಆ ಅಜ್ಜಿ, ಒಬ್ಬಳೇ. ನಾವು ಹೊಸ ಗಾಡಿ ತಂದಾಗ ತಾಜಾತನವನ್ನು ನೋಡಿದೆವು, ದರವನ್ನು ನೋಡಿದೆವು, ನಡುವಿನವರನ್ನು ತೆಗೆದೆವೆಂದು ಬೀಗಿದೆವು. ನಡುವಿನವಳು ಹೊತ್ತಿದ್ದ ಹೊರೆ ಏನೆಂದು ಕೇಳಲಿಲ್ಲ. ನಡುವಿನವರೆಲ್ಲ ಲಾಭಕೋರರಲ್ಲ, ಕೆಲವರು ಸೇತುವೆಯಾಗಿರುತ್ತಾರೆ. ತೆಗೆಯುವ ಮುನ್ನ ಯಾರು ಯಾವುದೆಂದು ನೋಡಬೇಕು.

ಹಾಗೆಂದು ಅಜ್ಜಿಯ ಪುಟ್ಟಿಯೇ ಸರಿ, ಗಾಡಿ ತಪ್ಪು ಎಂದು ನಾನು ಹೇಳಲಾರೆ. ಹಳೆಯದೆಲ್ಲ ಚಂದವೆಂದು ಹಾಡುವುದು ನಮ್ಮಂಥ ಓದಿದವರ ಇನ್ನೊಂದು ಚಾಳಿ. ಅರವತ್ತು ದಾಟಿದ ಹೆಂಗಸು ಇಪ್ಪತ್ತು ಕಿಲೋ ಹೊತ್ತು ತಿರುಗುವುದರಲ್ಲಿ ಚಂದವೇನಿದೆ? ದುಡಿದು ಬಂದವಳ ಪಾಲಿಗೆ ಮಾರ್ಕೆಟ್ಟಿನ ಉಳಿಕೆಯೇ ಗತಿ ಎಂಬುದರಲ್ಲಿ ನ್ಯಾಯವೇನಿದೆ? ಅವರಿಗೂ ಇಬ್ಬನಿಯ ಪಾಲಕವೇ ಬೇಕು. ತಾಜಾ ಪದಾರ್ಥ ಬರಬೇಕು. ಆದರೆ ಅದು ಅವರ ಹೊತ್ತಿಗೆ, ಅವರ ಶನಿವಾರಕ್ಕೆ ಹೊಂದಿಕೊಂಡು ಬರಬೇಕು.

ಸಂಘದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ವಿಷಯ ಇಟ್ಟೆ. ಒಂದಿಬ್ಬರು ಗೊಣಗಿದರು. ಕೊನೆಗೆ ಹನ್ನೆರಡು ಜನ ತಲಾ ₹500 ಹಾಕಿ ₹6,000 ಕೂಡಿಸಿದೆವು. 2023ರ ಯುಗಾದಿಯಿಂದ ಗೂಡ್ಸ್ ಆಟೋ ವಾರಕ್ಕೆ ಮೂರು ದಿನ, ಬೆಳಿಗ್ಗೆಗೆ ಬದಲು ಸಂಜೆ ಐದಕ್ಕೆ ಬರತೊಡಗಿತು. ಅರ್ಧ ಮಾಲನ್ನು ಅಜ್ಜಿಗೆ ಇಳಿಸುತ್ತದೆ. ರೈತನಿಗೆ ರೊಕ್ಕ ಅಂದೇ ಆ ನಿಧಿಯಿಂದ ಹೋಗುತ್ತದೆ. ಅಜ್ಜಿ ನೀರಿನ ಟ್ಯಾಂಕಿನ ಹತ್ತಿರದ ದೀಪದ ಕಂಬದ ಕೆಳಗೆ ಒಂಬತ್ತರ ತನಕ ಕೂಡುತ್ತಾಳೆ, ಉದ್ರಿ ಕೊಡುತ್ತಾಳೆ, ಶನಿವಾರ ವಸೂಲಾದದ್ದನ್ನು ನಿಧಿಗೆ ತುಂಬಿ ತನ್ನ ಲಾಭ ಇಟ್ಟುಕೊಳ್ಳುತ್ತಾಳೆ. ಹಳೆಯ ಉದ್ರಿಯಲ್ಲಿ ₹2,900 ಎರಡೇ ತಿಂಗಳಲ್ಲಿ ಬಂತು. ಯಾರೂ ಕೇಳಿದ್ದಿಲ್ಲ, ಅವಳು ಬಂದು ಕುಳಿತಳು, ಅವರು ಕೊಟ್ಟರು.

ಕಂಬದ ಕೆಳಗಿನಿಂದ ಯಾರಾದರೂ ಎಬ್ಬಿಸಿದರೆ ಎಂಬ ಭಯ ಅವಳಿಗಿತ್ತು. 2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ಕಾಯಿದೆ ಮಾಡಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದೆಲ್ಲ ಅದರಲ್ಲಿದೆ. ಸಮಾಜದ ಪಾಠ ಮಾಡುವ ನನಗೆ ಆ ಕಾಯಿದೆ ಗೊತ್ತಿತ್ತು. ಅದು ಯಾರಿಗಾಗಿ ಇದೆಯೋ ಅವಳಿಗೆ ಗೊತ್ತಿರಲಿಲ್ಲ. ಅರ್ಜಿ ಬರೆದುಕೊಟ್ಟೆ. ಗುರುತಿನ ಚೀಟಿ ಬಂತು. 2020ರಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಶುರುವಾದ ಸ್ವನಿಧಿ ಯೋಜನೆಯಲ್ಲಿ ₹10,000 ಸಾಲವೂ ಸಿಕ್ಕಿ, ಅದರಲ್ಲಿ ಒಂದು ತಳ್ಳುಗಾಡಿ ಕೊಂಡಳು. ಪುಟ್ಟಿ ತಲೆಯಿಂದ ಇಳಿಯಿತು. ಕಲ್ಲು ಕಟ್ಟಿದ ತಕ್ಕಡಿಯನ್ನು ಮಾತ್ರ ಬಿಡಲೊಲ್ಲಳು. ಒಮ್ಮೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ನೋಡಿದೆವು. ಕಿಲೋಗೆ ಐವತ್ತು ಗ್ರಾಂ ಹೆಚ್ಚೇ ಕೊಡುತ್ತಿದ್ದಳು! ನಾನು ಕಲ್ಲನ್ನು ಕಂಡು ಮೋಸವೆಂದು ತೀರ್ಮಾನಿಸಿದ್ದೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಸೊಪ್ಪಿನ ಬೆಲೆ ಏರಿದಾಗ ಹಿಂದಿನ ಓಣಿಯವರು ಮತ್ತೆ ಉಪ್ಪಿನಕಾಯಿಗೇ ಮರಳುತ್ತಾರೆ. ಉದ್ರಿ ಮುಳುಗಿಸಿ ಊರು ಬಿಟ್ಟವರೂ ಇದ್ದಾರೆ. ನಿಧಿಗೆ ಎರಡು ಸಲ ನಾವು ಮತ್ತೆ ರೊಕ್ಕ ತುಂಬಬೇಕಾಯಿತು. 400 ಗ್ರಾಮಿನ ಲೆಕ್ಕ ಇನ್ನೂ ಬಹಳ ದೂರವಿದೆ. ಕೂಲಿಯೇ ಹೆಚ್ಚದೆ ತಟ್ಟೆ ತುಂಬುವುದಿಲ್ಲ ಎಂಬುದು ನನಗೂ ಗೊತ್ತು. ಅದು ತಳ್ಳುಗಾಡಿಯಿಂದ ಆಗುವ ಕೆಲಸವಲ್ಲ.

ಪರೋಪಕಾರ ದೊಡ್ಡ ಗುಣವೆಂದು ಮಕ್ಕಳಿಗೆ ನಾವು ಹೇಳಿಕೊಡುತ್ತೇವೆ. ಅದಕ್ಕಿಂತ ಮೊದಲು ಕಲಿಯಬೇಕಾದ ಗುಣವೊಂದಿದೆ ಎಂದು ನನಗೆ ಈಗ ಅನಿಸುತ್ತದೆ: ಕೇಳುವುದು. ನಿನಗೆ ಏನು ಬೇಕು, ಯಾವ ಹೊತ್ತಿಗೆ ಬೇಕು, ಈಗ ಇದನ್ನು ನಿನಗೆ ಯಾರು ಒದಗಿಸುತ್ತಿದ್ದಾರೆ, ನಾನು ಬಂದರೆ ಅವರ ಗತಿಯೇನು? ಈ ನಾಲ್ಕು ಪ್ರಶ್ನೆಗಳನ್ನು ದಸರೆಗೆ ಮುಂಚೆಯೇ ಕೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ಆರು ತಿಂಗಳು ನಮಗೆ ಹೆಚ್ಚಲ್ಲದಿರಬಹುದು. ಬೆಳೆಯುವ ಹುಡುಗಿಗೆ ಅದು ಸಣ್ಣ ಹೊತ್ತಲ್ಲ.

ನಿಮ್ಮ ಓಣಿಯಲ್ಲೂ ಸಂಜೆ ಒಬ್ಬಳು ಬರುತ್ತಿರಬಹುದು. ಎರಡು ರೂಪಾಯಿಗೆ ಅವಳೊಡನೆ ಚೌಕಾಸಿ ಮಾಡುವ ಮುನ್ನ, ಅವಳು ಪುಟ್ಟಿಯಲ್ಲಿ ಬದನೆಕಾಯಿಯ ಜೊತೆಗೆ ಇನ್ನೇನನ್ನು ಹೊತ್ತಿದ್ದಾಳೆ ಎಂದು ಒಮ್ಮೆ ಕೇಳಿನೋಡಿ.

ಆ ಹುಡುಗಿ ಈಗ ಹೈಸ್ಕೂಲು ಮುಗಿಸಿದ್ದಾಳೆ. ಮೊನ್ನೆ ಒಂದು ಸಂಜೆ ಕಂಬದ ಕೆಳಗೆ ಸಿಕ್ಕಳು. ಅಜ್ಜಿಗೆ ಕಣ್ಣು ಮಂಜಾಗಿದೆ. ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಉದ್ರಿಯ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಇಣುಕಿ ನೋಡಿದೆ. ಮೂರನೇ ಸಾಲಿನಲ್ಲಿ ಪುಂಡಿಪಲ್ಯ ಎರಡು ಕಟ್ಟು, ಎದುರಿಗೆ ಅವಳ ತಾಯಿಯದೇ ಹೆಸರು, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ 'ಶನಿವಾರ' ಎಂದಿತ್ತು.